ಅನ್ನವಿಟ್ಟರೆ ಜೀವದಯೆ ಪೂರ್ಣವಾಯಿತೇ?

ಭಾದ್ರಪದ ಮಾಸದಲ್ಲಿ ಪರ್ಯೂಷಣ ಹಾಗೂ ದಶಲಕ್ಷಣ ಪರ್ವಗಳು ಮುಗಿಯುತ್ತವೆ. ಸಕಲ ಜೀವರಾಶಿಯಲ್ಲಿ ಕ್ಷಮೆ ಯಾಚಿಸಿ ಶ್ರಾವಕ ಕುಟುಂಬಗಳು ಮನೆಗೆ ಮರಳುತ್ತವೆ. ಅದೇ ಕಾಲಕ್ಕೆ ಬೀದಿಯಲ್ಲಿ ಇನ್ನೊಂದು ಋತು ಆರಂಭವಾಗಿರುತ್ತದೆ. ಮಳೆಗಾಲದ ಕೊನೆಯಲ್ಲಿ ಬೆದೆಗೆ ಬಂದ ಹೆಣ್ಣುನಾಯಿಗಳು ಸುಮಾರು 63 ದಿನ ಗರ್ಭ ಹೊತ್ತು, ಮಹಾವೀರ ಸ್ವಾಮಿಯ ನಿರ್ವಾಣೋತ್ಸವದ ದೀಪಗಳು ಆರಿದ ಮೇಲೆ, ಕಾರ್ತೀಕದಿಂದ ಪುಷ್ಯದವರೆಗಿನ ಚಳಿಯಲ್ಲಿ ಮರಿಹಾಕುತ್ತವೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ, ದೇವನಹಳ್ಳಿಯ ಹೊಸ ಬಡಾವಣೆಗಳ ಖಾಲಿ ನಿವೇಶನಗಳಲ್ಲಿ, ಹೊಸಕೋಟೆಯ ಗೋದಾಮುಗಳ ಹಿಂಬದಿಯಲ್ಲಿ, ನೆಲಮಂಗಲದ ಹೆದ್ದಾರಿಯ ಮೋರಿಗಳಲ್ಲಿ ಕಣ್ಣು ತೆರೆಯುವ ಈ ಮರಿಗಳ ಪೈಕಿ ಬಹುಪಾಲು ಮುಂದಿನ ಮಳೆಗಾಲವನ್ನು ಕಾಣುವುದಿಲ್ಲ.

ಇದೇ ಬೀದಿಗಳಲ್ಲಿ ಮುಂಜಾನೆ ನಾಯಿಗಳಿಗೆ ರೊಟ್ಟಿ, ಹಾಲು, ಬಿಸ್ಕತ್ತು ಹಾಕುವ ಶ್ರಾವಕರಿದ್ದಾರೆ. ಹಸಿದ ಪ್ರಾಣಿಗೆ ಅನ್ನವಿಡುವುದು ಪುಣ್ಯಕಾರ್ಯವೆಂಬುದರಲ್ಲಿ ವಿವಾದವಿಲ್ಲ. ವಿವಾದ ಹುಟ್ಟುವುದು ಅನಂತರ. ಅದೇ ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ನೆರವು ಕೇಳಿದರೆ ರೊಟ್ಟಿ ಹಾಕಿದ ಕೈ ಹಿಂದೆ ಸರಿಯುತ್ತದೆ. "ಅನ್ನ ಹಾಕುವುದು ಧರ್ಮ, ಅಂಗ ಛೇದಿಸುವುದು ಪಾಪ" ಎಂಬ ಉತ್ತರ ಬರುತ್ತದೆ. ಜೀವದಯಾ ನಿಧಿಯಿಂದ ಆಹಾರಕ್ಕೆ ಹಣ ಕೊಡುವ ಟ್ರಸ್ಟುಗಳೂ ಶಸ್ತ್ರಚಿಕಿತ್ಸೆಗೆ ಕೊಡಲು ಹಿಂಜರಿಯುತ್ತವೆ. ಈ ಹಿಂಜರಿಕೆಗೆ ಧರ್ಮಭೀರುತ್ವವೆಂಬ ಗೌರವದ ಹೆಸರಿದೆ. ಆದರೆ ಅದರ ಫಲವನ್ನು ಉಣ್ಣುವವರು ಹಿಂಜರಿದವರಲ್ಲ. ಮೋರಿಯಲ್ಲಿ ಹುಟ್ಟಿದ ಮರಿಗಳು.

ಆಕ್ಷೇಪವನ್ನು ಅದರ ಪೂರ್ಣ ಬಲದೊಡನೆಯೇ ಮುಂದಿಟ್ಟುಕೊಳ್ಳುವುದು ನ್ಯಾಯ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಇವನ್ನೇ ಹೇಳುತ್ತದೆ. ಛೇದವೆಂದರೆ ಅಂಗಗಳನ್ನು ಕತ್ತರಿಸುವುದು. ಶ್ರಾವಕನು ಬಿಡಬೇಕಾದ ಹದಿನೈದು ಉದ್ಯೋಗಗಳ ಪಟ್ಟಿಯಲ್ಲಿ ನಿರ್ಲಾಂಛನ ಕರ್ಮವೆಂಬುದೊಂದಿದೆ. ಪಶುಗಳ ಮೂಗು ಚುಚ್ಚುವುದು, ಬರೆ ಹಾಕುವುದು, ಬೀಜ ಒಡೆಯುವುದು, ಕಿವಿ ಕತ್ತರಿಸುವುದು ಇದರಲ್ಲಿ ಸೇರುತ್ತವೆ. ಶಸ್ತ್ರಚಿಕಿತ್ಸೆಯಾದ ಬೀದಿನಾಯಿಯ ಗುರುತಿಗಾಗಿ ಅದರ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸುವ ಪದ್ಧತಿಯೂ ಇದೆ. ಅಂದಮೇಲೆ ಒಂದೇ ಕ್ರಿಯೆಯಲ್ಲಿ ಎರಡು ದೋಷಗಳು ಬಂದವಲ್ಲವೇ ಎಂದು ಆಕ್ಷೇಪಿಸುವವರು ಕೇಳುತ್ತಾರೆ. ಇದು ಬೀಸಾಡಿಬಿಡಬಹುದಾದ ಪ್ರಶ್ನೆಯಲ್ಲ.

ಆದರೆ ಹಿಂಸೆಯನ್ನು ಹೊರಗಿನ ಕ್ರಿಯೆಯೊಂದರಿಂದಲೇ ಅಳೆಯುವ ಪದ್ಧತಿ ಜೈನಶಾಸ್ತ್ರದ್ದಲ್ಲ. ಪ್ರಮಾದ ಮತ್ತು ಕಷಾಯಗಳಿಂದ ಕೂಡಿದ ಮನಸ್ಸು ಪ್ರಾಣಕ್ಕೆ ಘಾತ ಮಾಡಿದಾಗ ಅದು ಹಿಂಸೆ ಎಂಬುದು ಆಚಾರ್ಯರ ನಿಲುವು. ಇದನ್ನು ತಿಳಿಯಲು ಕನ್ನಡ ನಾಡಿನ ಶ್ರಾವಕರು ದೂರ ಹೋಗಬೇಕಾಗಿಲ್ಲ. ಈ ನಾಡಿನವರೇ ಆದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವೈದ್ಯನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಕರುಣಾಳುವಾದ ವೈದ್ಯನು ಸಂಯಮಿಯೊಬ್ಬರ ದೇಹದ ಕುರುವನ್ನು ಶಸ್ತ್ರದಿಂದ ಕೊಯ್ಯುತ್ತಾನೆ. ನೋವಾಗುತ್ತದೆ, ಆದರೂ ಹೊರಗೆ ಕಾಣುವ ಆ ನೋವಿನ ಕಾರಣಮಾತ್ರದಿಂದ ಅವನಿಗೆ ಪಾಪಬಂಧವಾಗುವುದಿಲ್ಲ. ಏಕೆಂದರೆ ಅವನಲ್ಲಿ ಕ್ರೋಧಾದಿ ಭಾವಗಳಿಲ್ಲ, ಹಿತಬುದ್ಧಿಯಿದೆ. ಕೊಯ್ಯುವ ಕ್ರಿಯೆಗೂ ಛೇದವೆಂಬ ದೋಷಕ್ಕೂ ನಡುವೆ ಇರುವ ಅಂತರವನ್ನು ಈ ದೃಷ್ಟಾಂತ ತೋರಿಸುತ್ತದೆ. ಅರಿವಳಿಕೆ ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆ ಮತ್ತು ಅದೇ ಅರಿವಳಿಕೆಯಲ್ಲಿ ಕಿವಿಗೆ ಹಾಕಿದ ಸಣ್ಣ ಗುರುತು ಆ ನಾಯಿಯ ಹಿತಕ್ಕಾಗಿ ಇವೆ. ಗುರುತಿಲ್ಲದಿದ್ದರೆ ಅದೇ ಹೆಣ್ಣುನಾಯಿಯನ್ನು ಮತ್ತೆ ಬಲೆ ಬೀಸಿ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವ ಸಂಭವವಿದೆ.

ನಿರ್ಲಾಂಛನ ಕರ್ಮದ ನಿಷೇಧವನ್ನೂ ಅದು ಇರುವ ಸ್ಥಳದಲ್ಲಿಟ್ಟು ಓದಬೇಕು. ಅದು ಉದ್ಯೋಗಗಳ ಪಟ್ಟಿಯಲ್ಲಿದೆ. ಹೋರಿಯ ಬೀಜ ಒಡೆಯುತ್ತಿದ್ದುದು ಹೋರಿಯ ಸುಖಕ್ಕಾಗಿ ಅಲ್ಲ. ನೊಗಕ್ಕೆ ಬಗ್ಗುವ ಎತ್ತು ಬೇಕೆಂಬ ಮನುಷ್ಯನ ಲಾಭಕ್ಕಾಗಿ. ಆ ಲಾಭದಾಸೆಯನ್ನೇ ಶಾಸ್ತ್ರ ತಡೆಯಿತು. ಅದೇ ಪಟ್ಟಿಯನ್ನು ಇನ್ನೆರಡು ಸಾಲು ಓದಿದರೆ ಸಮಾಜಕ್ಕೆ ಹೆಚ್ಚು ಮುಜುಗರ ತರುವ ಹೆಸರುಗಳು ಸಿಗುತ್ತವೆ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ದ್ವಿಪದ, ಚತುಷ್ಪದ ಜೀವಿಗಳ ಮಾರಾಟವನ್ನು ಕೇಶವಾಣಿಜ್ಯವೆಂದು ಕರೆದು ನಿಷೇಧಿಸಿದ್ದಾರೆ. ಧನಕ್ಕಾಗಿ ಗಿಣಿ, ಬೆಕ್ಕು, ನಾಯಿ ಮೊದಲಾದವನ್ನು ಸಾಕುವುದನ್ನು ಅಸತೀಪೋಷಣವೆಂದು ನಿಷೇಧಿಸಿದ್ದಾರೆ. ಸಂತಾನಹರಣವನ್ನು ಪಾಪವೆನ್ನುವ ಮನೆಯ ಅಂಗಳದಲ್ಲೇ ಸಾವಿರಾರು ರೂಪಾಯಿ ಕೊಟ್ಟು ತಂದ ಜಾತಿನಾಯಿ ಇದ್ದರೆ, ಆ ಮನೆ ಹದಿನೈದರಲ್ಲಿ ಒಂದನ್ನು ನೆನಪಿಟ್ಟು ಎರಡನ್ನು ಮರೆತಿದೆ ಎಂದೇ ಹೇಳಬೇಕಾಗುತ್ತದೆ.

ಬೆದೆಯ ಕಾಲದಲ್ಲಿ ನಾಯಿಗಳಿಗೆ ಒದಗುವ ಗತಿಯನ್ನು ಐದು ಅತಿಚಾರಗಳ ಎದುರಿಗಿಟ್ಟು ನೋಡಿದರೆ ಪಾಪ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ. ತೋಟದ ಮನೆಗಳಲ್ಲಿ ಬೆದೆಗೆ ಬಂದ ಹೆಣ್ಣುನಾಯಿಯನ್ನು ಎರಡು ಮೂರು ವಾರ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುತ್ತಾರೆ, ಇದು ಬಂಧ. ಕೂಡಿಕೊಂಡು ಬಿಡಿಸಿಕೊಳ್ಳಲಾಗದೆ ನಿಂತ ನಾಯಿಗಳಿಗೆ ಕಲ್ಲು ಹೊಡೆಯುವುದು, ಬಿಸಿನೀರು ಎರಚುವುದು ಬೀದಿಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ವಿನೋದವಾಗಿದೆ, ಇದು ವಧ. ಅಂದಕ್ಕಾಗಿ ಮರಿಗಳ ಬಾಲ, ಕಿವಿ ಕತ್ತರಿಸುವುದೇ ನಿಜವಾದ ಛೇದ. ಮರಿಗಳ ಮಾರಾಟಕ್ಕಾಗಿ ಬೆದೆ ಬಂದಾಗಲೆಲ್ಲ ಒಂದೇ ಹೆಣ್ಣನ್ನು ಕೂಡಿಸಿ ಬಸಿರಿನ ಮೇಲೆ ಬಸಿರು ಹೊರಿಸುವುದು ಎತ್ತಿನ ಗಾಡಿಯ ಅತಿಭಾರಕ್ಕಿಂತ ಹಗುರವಾದುದೇನಲ್ಲ. ಮರಿಗಳಿಗೆ ಹಾಲೂಡುವ ತಾಯಿಗೆ ಎಂದಿಗಿಂತ ಎರಡು ಮೂರು ಪಟ್ಟು ಆಹಾರ ಬೇಕಾಗಿರುವ ಹೊತ್ತಿನಲ್ಲೇ, ಮರಿಗಳ ಬಳಿ ಹೋದವರ ಮೇಲೆ ಗುರುಗುಟ್ಟಿತೆಂದು ಅದನ್ನು ಓಡಿಸಲಾಗುತ್ತದೆ, ಇದು ಅನ್ನಪಾನನಿರೋಧ. ಐದು ಅತಿಚಾರಗಳೂ ಒಂದೇ ಋತುವಿನಲ್ಲಿ, ಒಂದೇ ಊರಿನಲ್ಲಿ ನಡೆಯುತ್ತಿರುವಾಗ ಅವನ್ನು ತಡೆಯಬಲ್ಲ ಒಂದು ಚಿಕಿತ್ಸೆಯನ್ನು ಮಾತ್ರ ಅತಿಚಾರವೆಂದು ಎತ್ತಿ ತೋರಿಸುವುದು ವಿಚಿತ್ರ ವಿವೇಕ.

ಈ ಮಾತು ಕೇವಲ ಊಹೆಯಲ್ಲ. ಪಶ್ಚಿಮ ಬಂಗಾಳದಲ್ಲಿ ಸಂಶೋಧಕರು ಬೀದಿನಾಯಿಗಳ 95 ಸೂಲುಗಳಲ್ಲಿ ಹುಟ್ಟಿದ 364 ಮರಿಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪ್ರಾಯಕ್ಕೆ ಬರುವವರೆಗೆ ಬದುಕುಳಿದವು ನೂರಕ್ಕೆ 19 ಮಾತ್ರ. ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿಗೆ ಮನುಷ್ಯನೇ ಒಂದಲ್ಲ ಒಂದು ಬಗೆಯಲ್ಲಿ ಕಾರಣನಾಗಿದ್ದನು. ವಾಹನದ ಚಕ್ರ, ವಿಷ, ಹೊಡೆತಗಳಿಗೆ ಸಿಕ್ಕದೆ ಉಳಿದ ಮರಿಗಳಿಗೆ ಪಾರ್ವೊ, ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ರೋಗಗಳು ಕಾದಿರುತ್ತವೆ. ಬೆಳೆದ ನಾಯಿಗಳಿಗೂ ಈ ಋತು ಸುಖದ್ದಲ್ಲ. ಸಂಭೋಗದ ಮೂಲಕ ನಾಯಿಯಿಂದ ನಾಯಿಗೆ ಅಂಟುವ ಜನನಾಂಗದ ಗೆಡ್ಡೆ ರೋಗವೊಂದಿದ್ದು, ಭಾರತದ ಬೀದಿನಾಯಿಗಳಲ್ಲಿ ಅದು ಸಾಮಾನ್ಯ. ಬೆದೆ ಕಳೆದ ಕೆಲವು ವಾರಗಳಲ್ಲಿ ಹೆಣ್ಣಿನ ಗರ್ಭಕೋಶದಲ್ಲಿ ಕೀವು ತುಂಬುವ ರೋಗ ಬಂದರೆ, ಚಿಕಿತ್ಸೆಯಿಲ್ಲದ ನಾಯಿ ನರಳಿ ಸಾಯುತ್ತದೆ. ಒಂದು ಹೆಣ್ಣಿನ ಸುತ್ತ ಕಾದಾಡುವ ಗಂಡುಗಳ ಗಾಯಗಳಲ್ಲಿ ಹುಳು ಬೀಳುತ್ತದೆ. ಬೆಳಗಿನ ರೊಟ್ಟಿ ಇವುಗಳಲ್ಲಿ ಒಂದನ್ನೂ ವಾಸಿ ಮಾಡುವುದಿಲ್ಲ. ಆಹಾರ ಸುಲಭವಾಗಿ ದೊರೆತಷ್ಟೂ ಸಂತಾನ ಹೆಚ್ಚುತ್ತದೆ. ಆ ಸಂತಾನದ ಹೊಣೆಯನ್ನು ಅನ್ನವಿಟ್ಟವನು ಹೊರುವುದಿಲ್ಲ.

ಹುಟ್ಟಬೇಕಾದ ಜೀವವನ್ನು ತಡೆಯುವ ಅಧಿಕಾರ ಮನುಷ್ಯನಿಗೆಲ್ಲಿದೆ ಎಂಬುದು ಮತ್ತೊಂದು ಆಕ್ಷೇಪ. ಜೀವವು ತನ್ನ ಆಯುಕರ್ಮ, ನಾಮಕರ್ಮಗಳಿಗೆ ಅನುಸಾರವಾಗಿ ಮುಂದಿನ ಗತಿಯನ್ನು ಪಡೆಯುತ್ತದೆಂದು ನಂಬಿದವರು ಈ ಪ್ರಶ್ನೆ ಕೇಳುವುದು ಆಶ್ಚರ್ಯಕರ. ನೆಲಮಂಗಲದ ಮೋರಿಯಲ್ಲಿ ಒಂದು ಸೂಲು ಕಡಿಮೆಯಾದ ಮಾತ್ರಕ್ಕೆ ಯಾವ ಜೀವದ ದಾರಿಯೂ ಮುಚ್ಚಿಹೋಗುವುದಿಲ್ಲ. ಗರ್ಭವೇ ಕಟ್ಟದಿರುವಲ್ಲಿ ಹತವಾಗುವ ಗರ್ಭಸ್ಥ ಪ್ರಾಣಿಯೂ ಇಲ್ಲ. ಗರ್ಭ ಕಟ್ಟಿದ ಮೇಲೆ ಮಾತ್ರ ವಿಷಯ ಬೇರೆ. ಅಲ್ಲಿ ಪಂಚೇಂದ್ರಿಯ ಜೀವವಿದೆ. ಅದನ್ನು ಕೊಲ್ಲುವುದನ್ನು ಶ್ರಾವಕನು ಒಪ್ಪಲಾರ, ಒಪ್ಪಲೂಬಾರದು. ಕೇಂದ್ರ ಸರ್ಕಾರದ 2001ರ ನಾಯಿ ಸಂತಾನ ನಿಯಂತ್ರಣ ನಿಯಮಗಳೂ ಗರ್ಭಿಣಿ ನಾಯಿಗೆ ಗರ್ಭಪಾತ ಮಾಡಿಸಬಾರದು, ಮರಿಹಾಕುವವರೆಗೆ ಅದನ್ನು ಬಿಟ್ಟುಬಿಡಬೇಕು ಎಂದು ವಿಧಿಸಿದ್ದವು. ಆದ್ದರಿಂದಲೇ ಕಾಲಪ್ರಜ್ಞೆ ಬೇಕು. ಬೆದೆಗೆ ಮುಂಚೆ ಮಾಡಬೇಕಾದುದನ್ನು ಬೆದೆ ಕಳೆದ ಮೇಲೆ ಮಾಡಹೊರಟರೆ ಮಾತ್ರ ಗರ್ಭದ ಪ್ರಶ್ನೆ ಏಳುತ್ತದೆ. ಸಕಾಲದಲ್ಲಿ ಮಾಡಿದ ಚಿಕಿತ್ಸೆ ಆ ಸಂಕಟವನ್ನೇ ಇಲ್ಲವಾಗಿಸುತ್ತದೆ.

"ಪ್ರಕೃತಿಯ ಕೆಲಸವನ್ನು ಪ್ರಕೃತಿಗೇ ಬಿಡಿ" ಎಂಬ ಮಾತೂ ಕೇಳಿಬರುತ್ತದೆ. ನಾಯಿಯನ್ನು ಪ್ರಕೃತಿಯ ಕೈಯಿಂದ ಮನುಷ್ಯನು ಕಿತ್ತುಕೊಂಡು ಸಹಸ್ರಾರು ವರ್ಷಗಳಾದವು. ಹಾಗೆ ಕಿತ್ತುಕೊಂಡ ಮೇಲೆ ಹೊಣೆ ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ಫೆರೆಟ್ ಎಂಬ ಪ್ರಾಣಿಯೊಂದು ಕಠೋರ ನಿದರ್ಶನ. ಮುಂಗುಸಿಯಂತೆ ನೀಳ ದೇಹವುಳ್ಳ ಇದನ್ನು ಮೊಲಗಳ ಬೇಟೆಗಾಗಿ ಯೂರೋಪಿನವರು ಪಳಗಿಸಿದರು. ಇಂದು ಪಾಶ್ಚಾತ್ಯ ದೇಶಗಳಲ್ಲಿ ಮನೆಯ ಮುದ್ದುಪ್ರಾಣಿಯಾಗಿ ಸಾಕುತ್ತಾರೆ. ಹಗಲು ದೀರ್ಘವಾಗುವ ಋತುವಿನಲ್ಲಿ ಹೆಣ್ಣು ಫೆರೆಟ್ ಬೆದೆಗೆ ಬಂದರೆ, ಗಂಡಿನೊಡನೆ ಕೂಡದ ಹೊರತು ಬೆದೆ ತಾನಾಗಿ ಬೇಗನೆ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಏರಿನಿಂತ ಸ್ತ್ರೀ ಹಾರ್ಮೋನು ಅದರ ಎಲುಬಿನ ಮಜ್ಜೆಯನ್ನು ಕುಂದಿಸುತ್ತದೆ. ಹೊಸ ರಕ್ತ ಹುಟ್ಟದೆ ಪ್ರಾಣಿ ಸಾಯಬಹುದು. ಪಂಜರದಲ್ಲಿ ಒಂಟಿಯಾಗಿ ಇಟ್ಟು, ಹೊತ್ತುಹೊತ್ತಿಗೆ ಅನ್ನವಿಟ್ಟು, "ನಾನೇನೂ ಹಿಂಸೆ ಮಾಡಲಿಲ್ಲ" ಎಂದು ಸುಮ್ಮನೆ ಕುಳಿತ ಒಡೆಯನ ಕಣ್ಣೆದುರೇ ಅದು ಸಾಯುತ್ತದೆ. ಅದನ್ನು ಉಳಿಸುವ ದಾರಿಗಳು ಕೆಲವೇ: ಶಸ್ತ್ರಚಿಕಿತ್ಸೆ, ಹಾರ್ಮೋನು ಮದ್ದು, ಅಥವಾ ಬೀಜನಾಳ ಕತ್ತರಿಸಿದ ಗಂಡಿನ ಜೊತೆ. ಅಲ್ಲಿ ಸುಮ್ಮನಿರುವುದೇ ಘಾತ. ನಾಯಿಯ ದೇಹಧರ್ಮ ಹಾಗಲ್ಲ. ಅದರ ಬೆದೆ ಸುಮಾರು ಮೂರು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಪಾಠ ಒಂದೇ. ಮನುಷ್ಯನ ಆಶ್ರಯಕ್ಕೆ ಬಂದ ಪ್ರಾಣಿಯ ಸಂತಾನಕಾಲಕ್ಕೂ ಮನುಷ್ಯನೇ ಹೊಣೆ. ಸುಮ್ಮನಿದ್ದು ಆ ಹೊಣೆಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಸುಮ್ಮನಿದ್ದುದರ ಕೊನೆಯ ಫಲ ನಾಯಿಗಳ ಸಾಮೂಹಿಕ ಹತ್ಯೆ. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಎಳೆಯ ಮಕ್ಕಳು ನಾಯಿಗಳ ದಾಳಿಗೆ ಬಲಿಯಾದಾಗ ಊರು ಸಿಟ್ಟಿಗೆದ್ದಿತು. ಆ ಸಿಟ್ಟಿಗೆ ಸಕಾರಣವಿತ್ತು. ಮಕ್ಕಳ ಪ್ರಾಣವೂ ಪ್ರಾಣವೇ. ನಾಯಿಗೆ ದಯೆ ತೋರುವವರು ಮಗುವಿನ ಭಯವನ್ನು ಲಘುವಾಗಿ ಕಂಡರೆ ಅವರ ದಯೆ ಅರ್ಧ ದಯೆ. ಆದರೆ ಆ ಸಿಟ್ಟಿಗೆ ತೆತ್ತ ಬೆಲೆಯಾಗಿ ಕಚ್ಚದ ನಾಯಿಗಳೂ ರಾಶಿರಾಶಿಯಾಗಿ ಸತ್ತವು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಪ್ರದೇಶಗಳ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿಡಲು ಆದೇಶಿಸಿತು. ಆಗಸ್ಟ್ 22ರಂದು ಆ ಆದೇಶವನ್ನು ತಿದ್ದಿ, ರೇಬೀಸ್ ತಗುಲಿದವು ಮತ್ತು ಉಗ್ರಸ್ವಭಾವದವುಗಳನ್ನು ಬಿಟ್ಟು ಉಳಿದ ನಾಯಿಗಳನ್ನು ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡಬೇಕೆಂದಿತು. ಬೀದಿಯಲ್ಲಿ ಎಲ್ಲೆಂದರಲ್ಲಿ ಅನ್ನ ಹಾಕದೆ ಗೊತ್ತುಪಡಿಸಿದ ಸ್ಥಳದಲ್ಲಿ ಹಾಕಬೇಕೆಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಮರಳಿ ಅಲ್ಲಿಗೆ ಬಿಡಕೂಡದೆಂದು ಹೇಳಿತು. ನ್ಯಾಯಾಲಯದ ಮೆಟ್ಟಿಲವರೆಗೆ ವಿಷಯ ಹೋದದ್ದು ವರ್ಷ ವರ್ಷವೂ ತಪ್ಪಿಸಬಹುದಾಗಿದ್ದ ಸೂಲುಗಳನ್ನು ತಪ್ಪಿಸದಿದ್ದುದರಿಂದಲೇ.

ತಪ್ಪಿಸಲು ಸಾಧ್ಯವೆಂಬುದಕ್ಕೆ ಜೈನರು ಗಣನೀಯ ಸಂಖ್ಯೆಯಲ್ಲಿರುವ ಜೈಪುರ ನಗರವೇ ಸಾಕ್ಷಿ. ಅಲ್ಲಿ 1994ರ ಕೊನೆಯಿಂದ 2002ರವರೆಗೆ ಸುಮಾರು 25,000 ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ರೇಬೀಸ್ ಲಸಿಕೆ ಹಾಕಲಾಯಿತು. ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ನೂರಕ್ಕೆ 28ರಷ್ಟು ಇಳಿಯಿತು. ಮನುಷ್ಯರಲ್ಲಿ ರೇಬೀಸ್ ಪ್ರಕರಣಗಳು ಅಲ್ಲಿ ಶೂನ್ಯಕ್ಕೆ ಬಂದವು. ಒಂದು ನಾಯಿಯನ್ನೂ ಕೊಲ್ಲುವ ಯೋಜನೆಯಿಲ್ಲದೆ ನಾಯಿಗೂ ಮನುಷ್ಯನಿಗೂ ಏಕಕಾಲಕ್ಕೆ ಅಭಯ ದೊರೆಯಿತು. ಶ್ರಾವಕರಿಗೆ ವಿಹಿತವಾದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಬೀದಿಯಲ್ಲಿ ಸಮಾಜದ ದಯೆ ಮೊದಲ ದಾನದಲ್ಲೇ ನಿಂತುಹೋಗಿದೆ. ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಔಷಧದಾನ. ಮೋರಿಯಲ್ಲಿ ಸಾಯಲೆಂದೇ ಹುಟ್ಟುವ ಮರಿಗಳಿಲ್ಲದ ಬೀದಿ, ಶಾಲೆಗೆ ಹೋಗುವ ಮಗು ಹೆದರದ ಬೀದಿ, ಅಭಯದಾನ.

ಹಾಗೆಂದು ಶಸ್ತ್ರ ಹಿಡಿದದ್ದೆಲ್ಲ ದಯೆಯಾಗುವುದಿಲ್ಲ. ಲೆಕ್ಕ ತುಂಬಿಸುವ ಅವಸರದಲ್ಲಿ, ಶುಚಿಯಿಲ್ಲದ ಕೊಠಡಿಯಲ್ಲಿ ಕೊಯ್ದು, ಗಾಯ ಮಾಯುವ ಮುನ್ನವೇ ಅಪರಿಚಿತ ಬೀದಿಯಲ್ಲಿ ಬಿಟ್ಟರೆ ಅದು ಹಿಂಸೆಯೇ. ಪೂಜ್ಯಪಾದರ ವೈದ್ಯನಿಗೆ ದೊರೆತ ವಿನಾಯಿತಿ ಅಂಥ ಕೆಲಸಕ್ಕೆ ದೊರೆಯದು, ಅಲ್ಲಿ ಪ್ರಮಾದವಿದೆ. ಟ್ರಸ್ಟುಗಳು ಹಣ ಕೊಟ್ಟು ಕೈತೊಳೆದುಕೊಳ್ಳದೆ ಕಣ್ಣಿಟ್ಟು ನೋಡಬೇಕಾದ ಸ್ಥಳ ಇದು. 2023ರ ಮಾರ್ಚ್‌ನಲ್ಲಿ ಪ್ರಕಟವಾದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಈ ಕಾರ್ಯವನ್ನು ಸ್ಥಳೀಯ ಸಂಸ್ಥೆಗಳ ಹೊಣೆಯೆಂದಿವೆ; ಕಾರ್ಯ ನಡೆಸುವ ಸಂಘಗಳು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದಿರಬೇಕು. ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳಿಗೆ ಮನವಿ ಕೊಟ್ಟು ಬೆನ್ನುಹತ್ತುವುದು, ಮಾನ್ಯತೆಯುಳ್ಳ ಸಂಘಕ್ಕೆ ನೆರವಾಗುವುದು, ಚಿಕಿತ್ಸೆಯಾದ ನಾಯಿಗಳಿಗೆ ಗಾಯ ಮಾಯುವವರೆಗೆ ನೆರಳು, ನೀರು, ಆಹಾರ ಒದಗಿಸುವುದು ಟ್ರಸ್ಟುಗಳಿಗೆ ಅಸಾಧ್ಯವಾದ ಕೆಲಸಗಳೇನಲ್ಲ.

ಕಾಲವನ್ನು ಗೊತ್ತುಮಾಡಿಕೊಳ್ಳಲು ಜೈನ ಪಂಚಾಂಗವೇ ಸಾಕು. ಆದಿನಾಥ ಸ್ವಾಮಿಯ ಪಾರಣೆಯ ಸ್ಮರಣೆಯಾದ ಅಕ್ಷಯ ತೃತೀಯದಂದು ಆರಂಭಿಸಿ, ಮುನಿಗಳು ಚಾತುರ್ಮಾಸಕ್ಕೆ ನೆಲೆಗೊಳ್ಳುವ ಆಷಾಢದೊಳಗೆ ಬಸದಿಯ ಸುತ್ತಲಿನ ಬೀದಿಗಳ ಹೆಣ್ಣುನಾಯಿಗಳಿಗೆ ಚಿಕಿತ್ಸೆ ಮುಗಿಸಿದರೆ, ಮಳೆಗಾಲದ ಕೊನೆಯ ಬೆದೆಗೆ ಮುಂಚೆಯೇ ಕಾರ್ಯ ಮುಗಿದಂತಾಗುತ್ತದೆ. ಅಷ್ಟರಲ್ಲಿ ತಪ್ಪಿಸಿಕೊಂಡು ಗರ್ಭ ಧರಿಸಿದವುಗಳಿಗೆ ಚಳಿಗಾಲದಲ್ಲಿ ಗೋಣಿಚೀಲದ ಹಾಸಿಗೆ, ಗಾಳಿಯಿಲ್ಲದ ಮೂಲೆ, ಹೊಟ್ಟೆತುಂಬ ಆಹಾರ ಸಿಗಬೇಕು. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಗೆ ಚಿಕಿತ್ಸೆಯಾಗಬೇಕು.

ಮನೆಗಳಲ್ಲಿ ಸಾಕಿದ ನಾಯಿಗಳಿಗೂ ಇದೇ ನಿಯಮ. ಸಾಕುನಾಯಿ ಮರಿಹಾಕಿದಾಗ ಗಂಡುಮರಿಗಳನ್ನು ಬಂಧುಗಳಿಗೆ ಹಂಚಿ, ಯಾರೂ ಕೇಳದ ಹೆಣ್ಣುಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಬೆಳಕು ಹರಿಯುವ ಮುನ್ನ ಗೋಶಾಲೆಯ ಅಥವಾ ಮಂದಿರದ ಬಾಗಿಲಲ್ಲಿ ಬಿಟ್ಟುಹೋಗುವುದು ಎಲ್ಲರಿಗೂ ತಿಳಿದ, ಯಾರೂ ಆಡದ ಸಂಗತಿ. "ದಯಾವಂತರು ಸಾಕಿಕೊಳ್ಳುತ್ತಾರೆ" ಎಂಬುದು ಅದಕ್ಕೆ ಕೊಡುವ ಸಮಾಧಾನ. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಿಂದಲೂ ಪಾಪ ಒಳಬರುತ್ತದೆಂದು ಪ್ರತಿಕ್ರಮಣದಲ್ಲಿ ನೆನೆಯುವವರಿಗೆ ಈ ಡಬ್ಬ ಯಾವ ಬಾಗಿಲಿನದೆಂದು ವಿವರಿಸಬೇಕಾಗಿಲ್ಲ. ಮರಿ ಬೇಕೆನಿಸಿದವರು ಮಾರುವವರ ಬಳಿ ಹೋಗುವ ಅಗತ್ಯವೂ ಇಲ್ಲ. 2017ರಲ್ಲಿ ಬಂದ ನಿಯಮಗಳಂತೆ ನಾಯಿ ತಳಿ ಬೆಳೆಸಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಆದರೆ ನಿಯಮ ಪಾಲಿಸಿದ ಮಾತ್ರಕ್ಕೆ ಕೇಶವಾಣಿಜ್ಯ ಧರ್ಮವಾಗಿಬಿಡುವುದಿಲ್ಲ. ಡಬ್ಬದಲ್ಲಿ ಬಂದ ಹೆಣ್ಣುಮರಿಯನ್ನೇ ಮನೆಗೆ ತಂದು, ಸಕಾಲದಲ್ಲಿ ಚಿಕಿತ್ಸೆ ಮಾಡಿಸಿ ಸಾಕುವುದು ಶ್ರಾವಕನಿಗೆ ಶೋಭೆ.

ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಒಂದು ಹಳ್ಳಿ. ಒಂದು ಕಾಲದಲ್ಲಿ ಅದು ಗಂಗರ ಮಾನ್ಯಪುರವಾಗಿತ್ತು. ಗಂಗ ಮಾರಸಿಂಹನ ಸೇನಾನಿ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದು ಕ್ರಿ.ಶ. 797ರ ತಾಮ್ರಶಾಸನ ಹೇಳುತ್ತದೆ. ಅಂದರೆ ಈ ಜಿಲ್ಲೆಯ ನೆಲ ಅಹಿಂಸೆಯ ಮಾತನ್ನು ಕೇಳುತ್ತಾ ಬಂದು ಹನ್ನೆರಡು ಶತಮಾನಗಳು ದಾಟಿವೆ. ಹೆದ್ದಾರಿಗಳ ಬದಿಯಲ್ಲಿ ಹೊಸ ಅಮೃತಶಿಲೆಯ ಮಂದಿರಗಳು ಏಳುತ್ತಿರುವ ಈ ಕಾಲದಲ್ಲಿ, ಆ ಮಂದಿರಗಳ ಕಾಂಪೌಂಡಿನ ಹೊರಗೆ ಪ್ರತಿ ಚಳಿಗಾಲವೂ ಕುಂಯ್‌ಗುಟ್ಟಿ ಸುಮ್ಮನಾಗುವ ಮರಿಗಳ ಲೆಕ್ಕವನ್ನು ಯಾವ ಶಾಸನವೂ ಬರೆದಿಡುವುದಿಲ್ಲ. ಜೀವದಯಾ ನಿಧಿಯ ವಾರ್ಷಿಕ ಲೆಕ್ಕಪತ್ರದಲ್ಲಿ ಆಹಾರದ ಬಾಬತ್ತಿನ ಕೆಳಗೆ ಚಿಕಿತ್ಸೆಯ ಬಾಬತ್ತೂ ಒಂದು ಸಾಲಾಗಿ ಸೇರುವವರೆಗೆ, ಆ ಮರಿಗಳ ಸಾವು ಸಮಾಜದ ಖಾತೆಯಲ್ಲೇ ಉಳಿಯುತ್ತದೆ.